ಗಿಡುಗ, ಟಗರು, ನೂಲು: ಜಮಖಂಡಿ ಸೀಮೆಯ ಸಂಚಾರ

ಎರಡು ವಸ್ತುಗಳು ಒಂದನ್ನೊಂದು ಬಂದು ಕೂಡುವದಕ್ಕೆ ವೈಶೇಷಿಕ ಶಾಸ್ತ್ರದವರು ಸಂಯೋಗವೆಂದು ಹೆಸರಿಟ್ಟು ಅದನ್ನು ಗುಣಗಳ ಸಾಲಿನಲ್ಲಿ ಎಣಿಸಿರುವರು. ಪ್ರಶಸ್ತಪಾದಾಚಾರ್ಯರು ತಮ್ಮ 'ಪದಾರ್ಥಧರ್ಮಸಂಗ್ರಹ'ದಲ್ಲಿ ಇದಕ್ಕೆ ಮೂರು ಬಗೆಗಳನ್ನು ಹೇಳುವರು. ಒಂದು ಚಲಿಸುತ್ತಿದ್ದು ಇನ್ನೊಂದು ಸುಮ್ಮನಿರುವಾಗ ಆಗುವ ಕೂಟವು ಮೊದಲನೆಯದು. ಮೋಟುಮರದ ಮೇಲೆ ಗಿಡುಗವು ಹಾರಿಬಂದು ಕೂಡ್ರುವದು ಇದಕ್ಕೆ ಉದಾಹರಣೆ. ಎರಡೂ ಚಲಿಸಿ ಇದಿರುಬದಿರಾಗಿ ತಾಗುವದು ಎರಡನೆಯದು. ಇಬ್ಬರು ಜಟ್ಟಿಗಳು, ಇಲ್ಲವೆ ಎರಡು ಟಗರುಗಳು ಇದಕ್ಕೆ ದೃಷ್ಟಾಂತ. ಮೂರನೆಯದು ತುಸು ಸೂಕ್ಷ್ಮವಾದದ್ದು. ಅದು ಸಂಯೋಗದಿಂದಲೇ ಹುಟ್ಟುವ ಸಂಯೋಗ. ನೂಲು ಒಂದು ಹುಲ್ಲುಕಡ್ಡಿಗೆ ತಾಗಿದ್ದರೆ, ಆ ನೂಲಿನಿಂದಾದ ಬಟ್ಟೆಯು ತಾನು ಮಿಸುಕದೆಯೇ ಆ ಕಡ್ಡಿಗೆ ತಾಗಿದಂತಾಗುವದು.

ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದೆವು. ಗಿಡುಗ, ಟಗರು, ನೂಲು ಎಂದು ಮಕ್ಕಳು ಬಾಯಿಪಾಠ ಒಪ್ಪಿಸುವಾಗ, ಈ ಮೂರನ್ನೂ ಒಂದೇ ಸೀಮೆಯಲ್ಲಿ ಕಣ್ಣಾರೆ ನೋಡಬೇಕೆಂಬ ಆಸೆ ನಮಗೆ ಆಗಾಗ ಬರುತ್ತಿತ್ತು. ನಿವೃತ್ತರಾದ ಮೇಲೆ ಕೈಗೆ ಬಿಡುವು ಬಂದಿತು. ಕಳೆದ ಮಾಗಿಯಲ್ಲಿ, ಎಳ್ಳಮಾವಾಸ್ಯೆಗೆ ನಾಲ್ಕು ದಿನ ಮುಂಚಿತವಾಗಿ, ಒಂದು ಕೈಚೀಲ ಹಿಡಿದು ಬಾಗಲಕೋಟೆಯಿಂದ ಹೊರಟೆವು.

ನಾವು ಹೋದದ್ದು ಮುಧೋಳ, ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ ಎಂಬ ನಾಲ್ಕು ಸ್ಥಳಗಳಿಗೆ. 1997ರಿಂದ ಇವೆಲ್ಲ ಬಾಗಲಕೋಟೆ ಜಿಲ್ಲೆಯಲ್ಲಿರುವವು. ಮುಧೋಳವು ಘಟಪ್ರಭೆಯ ದಂಡೆಯಲ್ಲಿದೆ. ರಬಕವಿ-ಬನಹಟ್ಟಿಗೆ ಕೃಷ್ಣೆಯು ಹತ್ತಿರ. ಒಂದು ಕಾಲಕ್ಕೆ ಈ ಸಣ್ಣ ಪ್ರದೇಶದಲ್ಲಿ ಎಷ್ಟು ಗಡಿಗಳಿದ್ದವೆಂದು ಇಂದಿನ ಮಕ್ಕಳಿಗೆ ಹೇಳಿದರೆ ನಂಬಲಾರರು. ಮುಧೋಳವು ಘೋರ್ಪಡೆಯವರದು, ಜಮಖಂಡಿಯು ಪಟವರ್ಧನರದು, ರಬಕವಿಯು ಸಾಂಗಲಿ ಸಂಸ್ಥಾನದ್ದು, ಬೀಳಗಿಯು ಬ್ರಿಟಿಶರ ವಿಜಾಪುರ ಜಿಲ್ಲೆಯದು. 1948ರ ಮಾರ್ಚ 8ರಂದು ಈ ದಕ್ಷಿಣದ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಈಗ ಗಡಿಯ ಕುರುಹೂ ಇಲ್ಲ. ದಾರಿಯ ಎರಡೂ ಬದಿಗೆ ಕಬ್ಬು.

ಮುಧೋಳವೆಂದೊಡನೆ ಇಂದಿನ ತರುಣರು ನಾಯಿಯನ್ನು ನೆನೆಯುವರು. ನೆನೆಯಲಿ, ಆ ನೀಳಮೈಯ, ಸಪೂರ ನಡುವಿನ ಬೇಟೆನಾಯಿಯು 2005ರಲ್ಲಿ ಅಂಚೆಚೀಟಿಯ ಮೇಲೂ ಬಂದು ಕುಳಿತಿರುವದು. ನಮಗಾದರೋ ಮೊದಲು ರನ್ನನ ನೆನಪಾಗುವದು. ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯ ಸತ್ಯಾಶ್ರಯನ ಆಸ್ಥಾನಕ್ಕೇರಿ, 'ಗದಾಯುದ್ಧ'ವನ್ನು ಬರೆದ ಆ ಮಹಾಕವಿಯ ಊರು ಇದು. ಕುರುಕ್ಷೇತ್ರದ ಹದಿನೆಂಟು ದಿನಗಳ ಯುದ್ಧವನ್ನೆಲ್ಲ ಅವನು ಕಡೆಯ ದಿನದ, ಇಬ್ಬರೇ ಪುರುಷರ ಇದಿರಾಟದಲ್ಲಿ ಅಡಗಿಸಿಟ್ಟನು. ಮುಂದೆ ಸಾಗುವ ಸಿಂಹವು ಹೊರಳಿ ನೋಡುವಂತೆ ಹಿಂದಿನ ಕಥೆಯನ್ನೆಲ್ಲ ಅಲ್ಲಿಂದಲೇ ನೋಡಿಸಿದನು. ಪ್ರಶಸ್ತಪಾದರ ಜಟ್ಟಿಗಳನ್ನು ಹುಡುಕಿ ಹೊರಟ ನಮಗೆ ಭೀಮದುರ್ಯೋಧನರಿಗಿಂತ ದೊಡ್ಡ ಜಟ್ಟಿಗಳು ಇನ್ನೆಲ್ಲಿ ದೊರೆತಾರು?

ಆದರೂ ಜೀವಂತ ಜಟ್ಟಿಗಳನ್ನು ನೋಡದೆ ಬರಲಿಲ್ಲ. ಹತ್ತಿರದ ಹಳ್ಳಿಯೊಂದರ ಜಾತ್ರೆಯಲ್ಲಿ ಕುಸ್ತಿ ನಡೆದಿತ್ತು. ಅಲ್ಲಿ ನಮ್ಮ ಲಕ್ಷ್ಯವನ್ನು ಸೆಳೆದದ್ದು ಪಟ್ಟುಗಳಲ್ಲ. ಪೈಲವಾನರಿಬ್ಬರೂ ಮೊದಲು ಬಗ್ಗಿ ಕಣದ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡರು. ಆ ಮೇಲೆ ಕೈಗೆ ಕೈ ಕೊಟ್ಟರು. ಆ ಮೇಲೆಯೇ ತೊಡೆ ತಟ್ಟಿದರು. ಟಗರುಗಳಿಗೆ ಈ ಶಿಷ್ಟಾಚಾರವಿಲ್ಲ. ಟಗರಿನ ಕಾಳಗವೆಂದರೆ ಈ ಸೀಮೆಯ ಜನರಿಗೆ ಪ್ರಾಣ. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವದು 1960ರ ಕಾಯದೆಯಂತೆ ಅಪರಾಧ. ಅದು ಯುಕ್ತವೇ ಆಗಿದೆಯೆಂದು ನಮ್ಮ ಮತ. ಡಿಕ್ಕಿಯ ಸಪ್ಪಳವನ್ನು ಒಮ್ಮೆ ಸಮೀಪದಿಂದ ಕೇಳಿದವರು ನಮ್ಮ ಮಾತನ್ನು ಒಪ್ಪುವರು.

ಎರಡೂ ಕಡೆಯವರು ಕೈ ಕೊಟ್ಟು ಕಾದುವದು ಒಂದು ಬಗೆ. ಒಂದು ಕಡೆಯವರಿಗೆ ಕಾದದೆ ಗತಿಯೇ ಇಲ್ಲದಿರುವದು ಇನ್ನೊಂದು. 1857ರ ನವಂಬರದಲ್ಲಿ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ನಡೆದದ್ದು ಈ ಎರಡನೆಯದು. ಕಂಪನಿ ಸರಕಾರವು ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಕಟ್ಟಳೆ ಮಾಡಿತು. ಬೇಟೆಯಿಂದಲೂ ಕಾವಲಿನಿಂದಲೂ ಬದುಕುತ್ತಿದ್ದ ಬೇಡರಿಗೆ ಆಯುಧವೆಂದರೆ ಒಕ್ಕಲಿಗನಿಗೆ ನೇಗಿಲು ಇದ್ದಂತೆ. ಅವರು ಕೊಡಲೊಲ್ಲೆವೆಂದರು. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಬದುಕುಳಿದವರಲ್ಲಿ ಅನೇಕರನ್ನು ಗಲ್ಲಿಗೇರಿಸಿದರು. ಆ ಮೇಲೆ ಅದೇ ಸರಕಾರದ ಅಧಿಕಾರಿಯಾದ ಫ್ಲೀಟ್ ಸಾಹೇಬರೇ ಹಲಗಲಿಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಸುಟ್ಟವರ ಕಡೆಯವರೇ ಹಾಡನ್ನು ಉಳಿಸಿದರೆಂಬದು ವಿಚಿತ್ರವಾದರೂ ನಿಜ.

ಮುಧೋಳದಿಂದ ಮಹಾಲಿಂಗಪುರದ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ನಮ್ಮ ಪಕ್ಕಕ್ಕೆ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುವ ಹುಡುಗಿಯೊಬ್ಬಳು ಕುಳಿತಿದ್ದಳು. ನಮ್ಮ ಕೈಯಲ್ಲಿದ್ದ ಸಂಸ್ಕೃತ ಪುಸ್ತಕವನ್ನು ನೋಡಿ, ಇದರಲ್ಲಿ ಏನಿದೆಯೆಂದು ಸಂಕೋಚದಿಂದ ಕೇಳಿದಳು. ನಾವು ಗಿಡುಗದ ಮಾತನ್ನೂ ಟಗರಿನ ಮಾತನ್ನೂ ಹೇಳಿದೆವು. ಅವಳು ತಟ್ಟನೆ, "ಅಜ್ಜಾರ, ಹಂಗಾರ ನಿಮ್ಮ ಗಿಡುಗ, ಟಗರು ಎಲ್ಲಾ ನಮ್ಮ ಪುಸ್ತಕದಾಗೂ ಅದಾವ್ರಿ!" ಎಂದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದುದರಿಂದ ವಿವರಿಸುವದಕ್ಕೆ ಅವಳಿಗೂ ಕೇಳುವದಕ್ಕೆ ನಮಗೂ ವೇಳೆ ಸಾಕಷ್ಟಿತ್ತು.

ಅವಳಿಂದ ತಿಳಿದದ್ದನ್ನು ವಾಚಕರ ಮುಂದಿಡುವೆವು. 1909ರಲ್ಲಿ ರುದರ್‌ಫೋರ್ಡ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಅವನ ಶಿಷ್ಯರು ತೆಳ್ಳನೆಯ ಲೋಹದ ತಗಡಿನ ಮೇಲೆ ಆಲ್ಫಾ ಕಣಗಳನ್ನು ಬಿಟ್ಟು ನೋಡಿದರು. ಹೆಚ್ಚಿನವು ತಗಡು ಇಲ್ಲವೇ ಇಲ್ಲವೆಂಬಂತೆ ತೂರಿ ಹೋದವು. ಸುಮಾರು ಎಂಟು ಸಾವಿರಕ್ಕೆ ಒಂದು ಹಿಂದಕ್ಕೆ ಸಿಡಿದು ಬಂದಿತು. ಪರಮಾಣುವಿನ ನಡುವೆ ಅತಿ ಸಣ್ಣದಾದ, ಅತಿ ಬಿರುಸಾದ ಗಟ್ಟಿಯೊಂದು ಉಂಟೆಂದು 1911ರಲ್ಲಿ ಅವನು ಇದರಿಂದಲೇ ಊಹಿಸಿದನು. ಇದು ಗಿಡುಗ ಮತ್ತು ಮೋಟುಮರ: ಒಂದು ಹಾರುವದು, ಇನ್ನೊಂದು ನಿಂತಿರುವದು. ಆದರೆ ಓಡುವ ಟಗರು ತನ್ನಷ್ಟೇ ತೂಕದ, ನಿಂತ ಟಗರಿಗೆ ಹಾಯ್ದರೆ ಓಟದ ಶಕ್ತಿಯಲ್ಲಿ ಅರ್ಧವು ಎರಡೂ ಕೂಡಿ ಮುಂದಕ್ಕೆ ಸಾಗುವದರಲ್ಲಿಯೇ ಕಳೆಯುವದು. ಡಿಕ್ಕಿಗೆ ಉಳಿಯುವದು ಇನ್ನರ್ಧ ಮಾತ್ರ. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಕಣಗಳಲ್ಲಂತೂ ಈ ನಷ್ಟವು ಇನ್ನೂ ಅಧಿಕ. ಎರಡೂ ಸಮವೇಗದಿಂದ ಇದಿರಾಗಿ ಬಂದರೆ ಎಲ್ಲವೂ ಡಿಕ್ಕಿಗೇ ಸಲ್ಲುವದು. ಆದುದರಿಂದಲೇ ಜಿನೀವಾದ ಬಳಿ ಭೂಮಿಯೊಳಗೆ 27 ಕಿಲೋಮೀಟರು ಸುತ್ತಳತೆಯ ಬಳೆಯಂಥ ಸುರಂಗದಲ್ಲಿ ಪ್ರೋಟಾನುಗಳನ್ನು ಎರಡು ದಿಕ್ಕಿನಿಂದ ಓಡಿಸಿ ಹಾಯಿಸಿದರು. ಯಂತ್ರವು 2008ರಲ್ಲಿ ಆರಂಭವಾಯಿತು. 2012ರ ಜುಲೈ 4ರಂದು ಹಿಗ್ಸ್ ಕಣವು ದೊರೆತ ವಾರ್ತೆಯನ್ನು ಅಲ್ಲಿಂದಲೇ ಸಾರಿದರು. ಆ ಸಂಸ್ಥೆಯ ಅಂಗಳದಲ್ಲಿ 2004ರಲ್ಲಿ ನಮ್ಮ ದೇಶವು ಕೊಟ್ಟ ನಟರಾಜನ ಮೂರ್ತಿಯಿರುವದು.

ನಾವು ಸುಮ್ಮನೆ ಕೇಳುವ ಜಾತಿಯವರಲ್ಲ. "ತಾಯಿ, ಇದೆಲ್ಲ ಪರದೇಶದ್ದಾಯಿತು, ನಮ್ಮ ಕನ್ನಡನಾಡಿನಲ್ಲಿ ಗಿಡುಗ ಕುಳಿತದ್ದುಂಟೇನು?" ಎಂದು ಕೇಳಿದೆವು. ಅವಳು ನಕ್ಕು ಕೋಲಾರದ ಚಿನ್ನದ ಗಣಿಯ ಕಥೆಯನ್ನು ಹೇಳಿದಳು. ನ್ಯೂಟ್ರಿನೊ ಎಂಬದೊಂದು ಕಣ. ಅದಕ್ಕೆ ವಿದ್ಯುತ್ತಿನ ಅಂಶವಿಲ್ಲ, ತೂಕವು ಇದ್ದೂ ಇಲ್ಲದಷ್ಟು. ಇಡೀ ಭೂಗೋಲವನ್ನು ತೂರಿ ಹೋದರೂ ಯಾವದನ್ನೂ ಮುಟ್ಟದೆ ಹೋಗುವಂಥ ಬೈರಾಗಿ. ಕೋಟಿಯಲ್ಲೊಂದು ಎಂದಾದರೂ ಕಲ್ಲಿನ ಅಣುವಿಗೆ ತಾಗಿದರೆ ಮಾತ್ರ ಅದು ಬಂದಿತ್ತೆಂಬದು ಗೊತ್ತಾಗುವದು. ಆಕಾಶದಿಂದ ಸುರಿಯುವ ಉಳಿದ ಕಣಗಳ ಗದ್ದಲವನ್ನು ತಪ್ಪಿಸುವದಕ್ಕಾಗಿ ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆಯವರು ಜಪಾನಿನ ಮತ್ತು ಇಂಗ್ಲಂಡದ ವಿಜ್ಞಾನಿಗಳೊಡನೆ ಕೂಡಿ, ನೆಲದಿಂದ 2.3 ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದರು. ಮೇಲಿನಿಂದ ಬರುವ ಬೇರೆ ಕಣಗಳು ಬಹುಮಟ್ಟಿಗೆ ನೆಟ್ಟಗೆ ಕೆಳಕ್ಕೆ ಇಳಿಯುವವು. ಆದುದರಿಂದ ಇವರು ಅಡ್ಡಡ್ಡವಾಗಿ ಹಾಯುವ ಗೆರೆಗಾಗಿ ಕಾಯ್ದು ಕುಳಿತರು. 1965ರಲ್ಲಿ ಆ ಗೆರೆಯು ಕಂಡಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಲ್ಲಿಗೆ ತಾಗಿದ್ದನ್ನು ಜಗತ್ತಿನಲ್ಲಿ ಮೊದಲು ಕಂಡವರಲ್ಲಿ ಅವರು ಸೇರಿದರು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅದೇ ವರ್ಷ ಅದು ಕಂಡಿತು. ಆ ಕೂಟದಲ್ಲಿದ್ದ ಬಿ.ವಿ. ಶ್ರೀಕಂಠನ್ನರು ನಂಜನಗೂಡಿನವರು. 2001ರಲ್ಲಿ ಗಣಿಯನ್ನು ಮುಚ್ಚಿದರು.

ಅವಳು ಇಳಿಯುವ ಊರು ಬಂದಿತು. ಅವಳ ಹೆಸರನ್ನು ನಾವು ಕೇಳಲಿಲ್ಲ, ನಮ್ಮ ಹೆಸರನ್ನು ಅವಳೂ ಕೇಳಲಿಲ್ಲ. ಬಾಗಿ ಕಾಲು ಮುಟ್ಟಿ ಇಳಿದು ಹೋದಳು.

ರಬಕವಿಯಲ್ಲಿಯೂ ಬನಹಟ್ಟಿಯಲ್ಲಿಯೂ ಬಸ್ಸು ನಿಲ್ಲುವ ಮೊದಲೇ ಸಪ್ಪಳವು ಕಿವಿಗೆ ಬೀಳುವದು. ಓಣಿ ಓಣಿಗಳಲ್ಲಿ ವಿದ್ಯುತ್ ಮಗ್ಗಗಳು. ಕಟಕಟ ಕಟಕಟ ಎಂಬ ಆ ಏಕಶ್ರುತಿಯಲ್ಲಿ ಊರವರು ಮಾತನಾಡುವರು, ಉಣ್ಣುವರು, ಮಲಗುವರು; ನಿಂತರೆ ಮಾತ್ರ ಗಾಬರಿಯಾಗುವರು. ನಾವು ಹುಡುಕಿದ್ದು ಕೈಮಗ್ಗ. ಕೇಳುತ್ತ ಕೇಳುತ್ತ ಒಂದು ಓಣಿಯ ಕಟ್ಟಕಡೆಯ ಮನೆಗೆ ಹೋದೆವು. ಅರವತ್ತು ದಾಟಿದ ನೇಕಾರರೊಬ್ಬರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ಅವರ ಮನೆಯಾಕೆ ಬದಿಯಲ್ಲಿ ಕಂಡಿಕೆ ಸುತ್ತುತ್ತಿದ್ದರು.

"ಬರ್ರಿ ಮಾಸ್ತರ, ಕೂಡ್ರಿ. ಈ ಮಗ್ಗ ನೋಡಾಕ ಯಾರೂ ಬರೂದಿಲ್ಲ ಈಗ," ಎಂದರು ಅವರು.

ಲಾಳಿಯು ಅತ್ತ ಓಡಿ ಇತ್ತ ಬರುವದನ್ನು ಬಹಳ ಹೊತ್ತು ನೋಡಿದೆವು. ಹಾಸು ನಿಂತಿರುವದು, ಹೊಕ್ಕು ಓಡುವದು. ಎರಡು ವಿದ್ಯುತ್ಕಣಗಳು ಒಂದನ್ನೊಂದು ಮುಟ್ಟದೆಯೇ ತಮ್ಮ ನಡುವೆ ಬೆಳಕಿನ ಕಣವನ್ನು ಕೊಟ್ಟು ತೆಗೆದುಕೊಂಡು ಪರಸ್ಪರ ಪರಿಣಾಮ ಮಾಡುವವೆಂದು ಬಸ್ಸಿನ ಹುಡುಗಿಯು ಹೇಳಿದ್ದಳು. ಆಗ ಸರಿಯಾಗಿ ಹೊಳೆಯದಿದ್ದುದು ಲಾಳಿಯನ್ನು ನೋಡಿದಾಗ ಹೊಳೆಯಿತು. ಮೂಲೆಯಲ್ಲಿ ಹಾಸಿಗೆ ಗಂಜಿ ಹಚ್ಚುವ ಹಳೆಯ ಕುಂಚವೊಂದು ತೂಗಾಡುತ್ತಿತ್ತು. ಪ್ರಶಸ್ತಪಾದರು ಹೇಳಿದ ಹುಲ್ಲುಕಡ್ಡಿಯು ಇಂಥದೇ ನೇಕಾರಸಾಮಾನಿನದಾಗಿರಬೇಕೆಂದು ನಮ್ಮ ತರ್ಕ. ಇಲ್ಲದಿದ್ದರೆ ನೂಲಿನೊಡನೆ ಅದನ್ನು ತರುವ ಕಾರಣವೇನು? ಶಾಸ್ತ್ರಕಾರರು ಮಗ್ಗದ ಮನೆಗಳಿಗೆ ಹೋಗಿಬರುತ್ತಿದ್ದರೆಂದು ನಂಬಲು ನಮಗೆ ಸಂತೋಷವಾಗುವದು.

"ನೀವು ನೇಯ್ದ ಸೀರೆಯನ್ನು ಉಟ್ಟವರನ್ನು ನೋಡಿದ್ದುಂಟೇ?" ಎಂದು ಕೇಳಿದೆವು.

"ಸಾವಕಾರ ನೂಲು ಕೊಡ್ತಾರ, ಸೀರಿ ಒಯ್ತಾರ. ಅದರ ಮುಂದ ನಮಗೇನ ಗೊತ್ತರಿ?" ಎಂದು ಲಾಳಿಯನ್ನು ನಿಲ್ಲಿಸಿದರು. ತುಸು ತಡೆದು, "ಒಮ್ಮಿ ಪಂಢರಪುರದಾಗ ನೋಡೀನ್ರಿ. ದರ್ಶನದ ಪಾಳೇದಾಗ ಒಬ್ಬಾಕಿ ನಿಂತಿದ್ಲು. ದಡಿ ನೋಡಿದ ಕೂಡಲೇ ನನ್ನ ಕೈ ಅಂತ ಗುರ್ತ ಹತ್ತಿತು."

"ಮಾತಾಡಿಸಿದಿರೇನು?"

"ಹೆಂಗ ಮಾತಾಡ್ಸೂದ್ರಿ, ಪರಊರ ಹೆಣಮಗಳು. ಆಕೀ ಹಿಂದ ನಿಂತು ಪಾಳಿ ಸರದ್ಹಂಗ ಸರದೆ. ಗುಡಿಯೊಳಗ ಹೋಗೂತನಾ ವಿಠ್ಠಲನ್ನ ನೋಡಲಿಲ್ಲ, ದಡೀನ ನೋಡೀನಿ."

ಮನೆಯಾಕೆ ನಕ್ಕರು, ಈ ಕಥೆಯನ್ನು ನೂರು ಸಲ ಕೇಳಿರಬೇಕು. ಮಗನು ಅದೇ ಓಣಿಯ ವಿದ್ಯುತ್ ಮಗ್ಗದಲ್ಲಿ ದುಡಿಯುವನು; ಒಂದು ದಿನದಲ್ಲಿ ತಂದೆಗಿಂತ ಎಷ್ಟೋ ಪಾಲು ಹೆಚ್ಚು ಬಟ್ಟೆ ಇಳಿಸುವನು; ಅವನನ್ನು ಹಳಿಯುವ ಕಾರಣವಿಲ್ಲ. ಈ ಕುಣಿಯನ್ನು ಮುಚ್ಚಿ ಆ ಜಾಗದಲ್ಲಿ ಸೊಸೆಗೊಂದು ಅಡಿಗೆಮನೆ ಕಟ್ಟಬೇಕೆಂಬ ಮಾತು ಮನೆಯಲ್ಲಿ ನಡೆದಿದೆ. "ಈಕೀ ಕೈ ನಿಂತ ದಿವಸ ಮಗ್ಗಾನೂ ನಿಂತಂಗ್ರಿ," ಎಂದು ಹೆಂಡತಿಯ ಕಡೆಗೆ ನೋಡಿ ಹೇಳಿ, ಅವರು ಮತ್ತೆ ಲಾಳಿಯನ್ನು ಒಗೆದರು.

ಜಮಖಂಡಿಯಲ್ಲಿ ಒಂದೇ ರಾತ್ರಿ ಇದ್ದೆವು. ಅರಮನೆಯನ್ನು ನೋಡಿದೆವು, ಅರಮನೆಗಳು ಎಲ್ಲ ಕಡೆಗೂ ಒಂದೇ. ತತ್ತ್ವಜ್ಞಾನಿಗಳಾದ ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. 1926ರಲ್ಲಿ ಉಪನಿಷತ್ತುಗಳ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥವನ್ನು ನಾವು ಹರೆಯದಲ್ಲಿ ಕಷ್ಟಪಟ್ಟು ಓದಿದ್ದೆವು. ಮರಾಠೀ ಸಂತರನ್ನೂ ಕನ್ನಡದ ಅನುಭಾವಿಗಳನ್ನೂ ಒಂದೇ ಮನಸ್ಸಿನಿಂದ ಕಂಡವರು ಅವರು. ಮರದ ಟೊಂಗೆಯ ಮೇಲೆ ಕಪಿ ಕುಳಿತಿದ್ದರೆ, ಆ ಮರಕ್ಕೆ ಟೊಂಗೆಯಲ್ಲಿ ಕಪಿಯ ಸಂಯೋಗವುಂಟು, ಬೇರಿನಲ್ಲಿ ಇಲ್ಲ ಎಂದು ತಾರ್ಕಿಕರು ಹೇಳುವರು. ಎರಡು ಭಾಷೆಗಳು ಕೂಡಿ ಬಾಳುವ ಊರುಗಳಲ್ಲಿ ಹೆಚ್ಚಾಗಿ ಕೂಟವು ಟೊಂಗೆಯಲ್ಲಿಯೇ. ರಾನಡೆಯವರಲ್ಲಿ ಅದು ಬೇರಿಗೂ ಇಳಿದಿತ್ತು.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಬೀಳಗಿಯ ಕಡೆಗೆ ಹೋದೆವು. ನಮ್ಮ ಹಳೆಯ ಶಿಷ್ಯನೊಬ್ಬನ ಬೀಗರ ಹೊಲವು ಆಲಮಟ್ಟಿಯ ಹಿನ್ನೀರಿನ ಅಂಚಿನಲ್ಲಿದೆ. ಆ ಸೀಮೆಯಲ್ಲಿ ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಸ್ಥಳವು ಚಿಕ್ಕಸಂಗಮ. ಈಗ ಅಲ್ಲಿ ಯಾವದು ಕೃಷ್ಣೆ, ಯಾವದು ಘಟಪ್ರಭೆಯೆಂದು ಬೆರಳು ಮಾಡಿ ತೋರಿಸುವಂತಿಲ್ಲ. ಕಣ್ಣು ಹರಿಯುವವರೆಗೂ ಒಂದೇ ನೀರು. 1964ರಲ್ಲಿ ಶಂಕುಸ್ಥಾಪನೆಯಾದ ಆಣೆಕಟ್ಟು ಮುಗಿದು ನೀರು ನಿಂತ ಮೇಲೆ ಬಾಗಲಕೋಟೆಯ ಹಳೆಯ ಪೇಟೆಯ ಭಾಗವೂ ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳೂ ಮುಳುಗಿದವು. ನಮ್ಮನ್ನು ಕರೆದ ಮನೆಯವರ ಊರೂ ಅವುಗಳಲ್ಲೊಂದು. ಉಳಿದದ್ದು ದಿಬ್ಬದ ಮೇಲಿನ ಈ ಆರು ಎಕರೆ.

ಬಿಳಿಜೋಳವು ತೆನೆ ಹಿರಿದು ನಿಂತಿತ್ತು. ಹೊಲದ ನಡುವಿನ ಅಟ್ಟಣಿಗೆಯ ಮೇಲೆ ಮನೆಯ ಯಜಮಾನರು ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದರು. ತಾಂಬೂಲದ ಕೆಂಪು ತುಟಿಯ ಆ ವೃದ್ಧರ ಕಣ್ಣು ನಮ್ಮ ಕಡೆಗೊಮ್ಮೆ, ತೆನೆಯ ಕಡೆಗೆ ಹತ್ತು ಸಲ. ಅಷ್ಟರಲ್ಲಿ ಬಂಡಿಯಿಂದ ಹೆಂಗಸರು ಬುಟ್ಟಿಗಳನ್ನು ಇಳಿಸಿದರು: ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಕಡಬು, ಶೇಂಗಾ ಹೋಳಿಗೆ. ಬನ್ನಿಗಿಡದ ಬುಡಕ್ಕೆ ಕಲ್ಲುಗಳನ್ನಿಟ್ಟು ಪೂಜೆ ಮಾಡಿದರು. ಆ ಮೇಲೆ ಎಲ್ಲ ಪದಾರ್ಥಗಳನ್ನೂ ಕಲಸಿ, ಮನೆಯ ಹಿರಿಯ ಹೆಣ್ಣುಮಗಳು ಮುಂದೆ, ಮಕ್ಕಳು ಹಿಂದೆ ಕೂಗುತ್ತ, ಹೊಲದ ಸುತ್ತ ಚರಗ ಚೆಲ್ಲಿದರು. ಭೂಮಿತಾಯಿಯ ಬಯಕೆಯ ಊಟವಿದು. ತಾಯಿ ಉಣ್ಣುವಳೋ ಇಲ್ಲವೋ, ಗೊರವಂಕಗಳೂ ಕಾಗೆಗಳೂ ಕ್ಷಣದಲ್ಲಿ ಇಳಿದವು. ಅದನ್ನು ಕಂಡು ಯಜಮಾನರು ಅಟ್ಟಣಿಗೆಯಿಂದ ಇಳಿದು ಬಂದು ಕವಣೆಯನ್ನು ಬಂಡಿಯ ಮೂಕಿಗೆ ತೂಗುಹಾಕಿದರು.

"ನಿನ್ನೆತನಕ ಹೊಡೆದ ಹಕ್ಕಿಗೆ ಇವತ್ತು ಊಟವೇ?" ಎಂದು ನಾವು ವಿನೋದ ಮಾಡಿದೆವು.

"ದಿನಾ ಕದ್ದು ತಿಂತಾವ್ರಿ ಗುರುಗಳ. ಇವತ್ತೊಂದಿನ ನಾವಾಗೇ ಕೊಟ್ಟು ಉಣ್ಣಸೂದು," ಎಂದರು ಆ ತಾಯಿ.

ವೈಶೇಷಿಕ ಶಾಸ್ತ್ರದ ಮೂಲಪುರುಷನ ಹೆಸರು ಕಣಾದ. ಕಣವನ್ನು ತಿನ್ನುವವನೆಂದು ಅದರ ಅರ್ಥ. ಬೀದಿಯಲ್ಲಿ ಬಿದ್ದ ಕಾಳುಗಳನ್ನು ಪಾರಿವಾಳದಂತೆ ಆಯ್ದು ತಿಂದು ಬದುಕುತ್ತಿದ್ದನೆಂದು ವ್ಯಾಖ್ಯಾನಕಾರರು ಹೇಳುವರು. ಪರಮಾಣುವಿನ ವಿಚಾರ ಮಾಡಿದವನೂ ಅವನೇ, ಹಕ್ಕಿಯಂತೆ ಕಾಳು ಹೆಕ್ಕಿದವನೂ ಅವನೇ. ಜೋಳದ ಹೊಲದಲ್ಲಿ ಕುಳಿತು ಇದನ್ನು ಹೇಳಿದಾಗ ಮಕ್ಕಳಿಗೆ ಬಹಳ ನಗೆ ಬಂದಿತು.

ಊಟವಾದ ಮೇಲೆ ನೀರಿನಂಚಿಗೆ ಹೋದೆವು. ಎತ್ತುಗಳು ಮೇಯುವಲ್ಲಿ ಬೆಳ್ಳಕ್ಕಿಗಳು ಅವುಗಳ ಕಾಲ ಬುಡದಲ್ಲಿಯೇ ನಡೆಯುತ್ತಿದ್ದವು. ಎತ್ತಿನ ಹೆಜ್ಜೆಗೆ ಹುಳುಗಳು ಹಾರುವವು. ಹಕ್ಕಿಗೆ ಹುಡುಕುವ ಶ್ರಮವಿಲ್ಲ. ಎತ್ತಿನೊಡನೆ ಮೇಯುವ ಬೆಳ್ಳಕ್ಕಿಯು ಒಂಟಿಯಾಗಿ ಮೇಯುವದಕ್ಕಿಂತ ಕಡಿಮೆ ಹೆಜ್ಜೆಯಿಟ್ಟು ಹೆಚ್ಚು ಹುಳುಗಳನ್ನು ಹಿಡಿಯುವದೆಂದು ಪಕ್ಷಿಶಾಸ್ತ್ರಜ್ಞರು ಎಣಿಸಿ ನೋಡಿರುವರು. ಗುಂಪಿನಲ್ಲಿ ಮೇಯುವ ಹಕ್ಕಿಗಳ ಲೆಕ್ಕವೂ ಹೀಗೆಯೇ: ಗುಂಪು ದೊಡ್ಡದಾದಷ್ಟೂ ಒಂದೊಂದು ಹಕ್ಕಿಯು ತಲೆಯೆತ್ತಿ ಕಾವಲು ನೋಡುವ ವೇಳೆ ಕಡಿಮೆಯಾಗಿ ತಿನ್ನುವ ವೇಳೆ ಹೆಚ್ಚುವದು, ನೋಡುವ ಕಣ್ಣುಗಳು ಬಹಳಿರುವವಷ್ಟೆ.

ದೂರದ ತೆಳುನೀರಿನಲ್ಲಿ ಫ್ಲೆಮಿಂಗೊಗಳು ನಿಂತಿದ್ದವು. ಜನರು ಅವನ್ನು ರಾಜಹಂಸವೆನ್ನುವರು. ರಾಜಹಂಸವೆಂದರೆ ಬಿಳಿಯ ಮೈ, ಕೆಂಪು ಕೊಕ್ಕು, ಕೆಂಪು ಕಾಲುಳ್ಳದ್ದೆಂದು ಅಮರಕೋಶವು ಹೇಳುವದರಿಂದ ಜನರ ಮಾತನ್ನು ತಳ್ಳಿಹಾಕಲು ನಮಗೆ ಮನಸ್ಸಾಗದು. ತಲೆಯನ್ನು ಬುಡಮೇಲಾಗಿ ನೀರಿಗಿಳಿಸಿ, ನಾಲಗೆಯಿಂದ ನೀರನ್ನು ಒಳಗೆ ಸೆಳೆದು ಹೊರಗೆ ದೂಡಿ, ಕೊಕ್ಕಿನ ಅಂಚಿನ ಜರಡಿಯಲ್ಲಿ ಸಣ್ಣ ಜೀವಿಗಳನ್ನು ಹಿಡಿಯುವವು. ಮರಿಗಳು ಬೂದಿಬಣ್ಣದವು, ತಿನ್ನುವ ಪಾಚಿಯಲ್ಲಿಯೂ ಸಿಗಡಿಯಂಥ ಜೀವಿಗಳಲ್ಲಿಯೂ ಇರುವ ಬಣ್ಣವು ಮೈಗೇರಿ ಮುಂದೆ ಕೆಂಪಾಗುವವು.

"ಅವು ನಿಂತಾವಲ್ರಿ, ಅಲ್ಲೇ ನಮ್ಮ ಅಗಸಿ," ಎಂದರು ಯಜಮಾನರು.

ಊರು ಮುಳುಗುವ ಮುನ್ನ ಈ ಹಕ್ಕಿಗಳನ್ನು ಅವರು ನೋಡಿದ್ದಿಲ್ಲವಂತೆ. ಸರಕಾರವು ಪುನರ್ವಸತಿ ಕೇಂದ್ರದಲ್ಲಿ ಜಾಗ ಕೊಟ್ಟಿದೆ. ರಸ್ತೆ ಅಗಲ, ನಳ ಮನೆಯ ಮುಂದೆ. ಆದರೆ ಹಳೆಯ ಊರಿನಲ್ಲಿ ಗೋಡೆಗೆ ಗೋಡೆ ಹಚ್ಚಿದ್ದ ಮನೆಯವರು ಈಗ ಆರನೆಯ ಸಾಲಿನಲ್ಲಿರುವರು. "ಬಾವಿ ಇದ್ದಾಗ ದಿನಾ ಭೆಟ್ಟಿ ಆಗೂದು. ನಳ ಬಂದ ಮ್ಯಾಲ ಆಕೀನ ನೋಡೂದು ಮದವಿ-ಮಣ್ಣಿಗೆ ಅಷ್ಟ," ಎಂದು ಆ ತಾಯಿ ತಮ್ಮ ಹಳೆಯ ನೆರೆಯಾಕೆಯ ವಿಷಯವನ್ನು ಹೇಳಿದರು. ಸಂಯೋಗಕ್ಕೆ ಹೇಗೋ ಹಾಗೆಯೇ ಅಗಲಿಕೆಗೂ ಪ್ರಶಸ್ತಪಾದರು ಮೂರು ಬಗೆ ಹೇಳಿರುವರು. ಮೂರನೆಯದು ವಿಭಾಗದಿಂದಲೇ ಹುಟ್ಟುವ ವಿಭಾಗ. ನೀರು ಊರನ್ನು ಬಿಡಿಸಿತು, ಊರು ಬಿಟ್ಟದ್ದು ನೆರೆಯನ್ನು ಬಿಡಿಸಿತು. ಇದನ್ನು ಅವರಿಗೆ ಹೇಳಲಿಲ್ಲ.

ನೋಡಲು ಹೋಗುವ ವಾಚಕರು ಮಾಗಿಯಲ್ಲಿಯೇ ಹೋಗತಕ್ಕದ್ದು. ಬೆಳಗಿನ ಹೊತ್ತು ಉತ್ತಮ. ಹಕ್ಕಿಗಳ ಸಮೀಪಕ್ಕೆ ಹೋಗದೆ ದಂಡೆಯಲ್ಲಿಯೇ ಕೂಡ್ರಬೇಕು, ಎಬ್ಬಿಸಿದರೆ ಅವುಗಳ ಊಟ ಕೆಡುವದು.

ನಾವು ಮರಳಿ ಹೊಲಕ್ಕೆ ಬಂದಾಗ ಹೊತ್ತು ಇಳಿದಿತ್ತು. ಚರಗವೆಲ್ಲ ಮುಗಿದು ಗೊರವಂಕಗಳು ಒಂದೊಂದಾಗಿ ತೆನೆಗಳ ಕಡೆಗೆ ಸರಿಯತೊಡಗಿದ್ದವು. ಯಜಮಾನರು ಬಂಡಿಯ ಮೂಕಿಯಿಂದ ಕವಣೆಯನ್ನು ತೆಗೆದುಕೊಂಡು, ಉಡಿಯಲ್ಲಿ ಕಲ್ಲು ತುಂಬಿಕೊಂಡು, ಅಟ್ಟಣಿಗೆಯನ್ನು ಏರಿದರು.